ಮೇಜರ್ ಜೊತೆಗೆ ಜರ್ಮನ್: ಪರೀಕ್ಷೆ ವಾರದಲ್ಲಿ ಏನು ಮಾಡ್ತೀರಿ, ಅದನ್ನ ಮೊದಲು ಹೇಳಿ

ಪ್ರಶ್ನೆ: ನಾನು ಕೆಮಿಸ್ಟ್ರಿ ಮೇಜರ್, ಎರಡನೇ ವರ್ಷ. ಡಿಗ್ರಿ ಮುಗಿಯೋಕೆ ಇನ್ನೂ ಎರಡು ವರ್ಷ ಇದೆ. ಕೆಮಿಸ್ಟ್ರಿಯವರಿಗೆ ಜರ್ಮನ್ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ಹೋದ ವರ್ಷ ಆ್ಯಪ್‌ನಲ್ಲಿ ಶುರು ಮಾಡಿದೆ. ಮೂರು ತಿಂಗಳು ಚೆನ್ನಾಗಿ ನಡೆಯಿತು. ಸೆಮಿಸ್ಟರ್ ಪರೀಕ್ಷೆ ಬಂತು, ನಿಂತುಹೋಯಿತು. ಈಗ ಮತ್ತೆ ಶುರು ಮಾಡಬೇಕು. ಡಿಗ್ರಿ ಮುಗಿಯುವಷ್ಟರಲ್ಲಿ ಬಿ2 ಮಟ್ಟ (ಎ1ರಿಂದ ಸಿ2ವರೆಗಿನ ಆರು ಮಟ್ಟಗಳಲ್ಲಿ ನಾಲ್ಕನೆಯದು) ತಲುಪಬಹುದಾ? ಯೂನಿವರ್ಸಿಟಿಯ ಭಾಷಾ ತರಗತಿಗೆ ಸೇರಲಾ, ಒಬ್ಬನೇ ಕಲಿಯಲಾ? ಜಪಾನೀಸ್ ಮೇಲೂ ಆಸೆ ಇದೆ, ಎರಡನ್ನೂ ಒಟ್ಟಿಗೆ ಹಿಡಿಯಬಹುದಾ? ಮಾರ್ಕ್ಸ್ ಕಡಿಮೆಯಾಗುತ್ತೆ ಅನ್ನೋದೇ ದೊಡ್ಡ ಭಯ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬಿ2 ಅಲ್ಲ, ಜಪಾನೀಸ್ ಅಲ್ಲ. "ಪರೀಕ್ಷೆ ಬಂತು, ನಿಂತುಹೋಯಿತು" ಅನ್ನೋ ಮಾತು. ಮೇಜರ್ ಜೊತೆ ಭಾಷೆ ಕಲಿಯಲು ಹೊರಟವರು ಜಾಸ್ತಿ ಜನ ಬೀಳೋದು ಇಲ್ಲೇ. ಸಮಯ ಇಲ್ಲದೆ ಅಲ್ಲ. ಸೆಮಿಸ್ಟರ್ ನಡೆಯುವ ರೀತಿಗೂ ಭಾಷೆ ಮೈಗೂಡುವ ರೀತಿಗೂ ಹೊಂದಿಕೆ ಇಲ್ಲದೆ.

ಥರ್ಮೋಡೈನಾಮಿಕ್ಸ್ ತೆಗೆದುಕೊಳ್ಳಿ. ಎರಡು ವಾರ ಮುಟ್ಟದೆ ಬಿಟ್ಟು, ಶನಿವಾರ ಭಾನುವಾರ ಕೂತು ಎಂಟೆಂಟು ಗಂಟೆ ಓದಿ, ಇಂಟರ್ನಲ್ ಬರೆದು ಬರಬಹುದು. ಒಳ್ಳೆಯ ಅಭ್ಯಾಸ ಅಂತ ಹೇಳ್ತಿಲ್ಲ, ಆದರೆ ಆಗುತ್ತೆ, ಎಲ್ಲರೂ ಮಾಡಿದ್ದೇವೆ. ಭಾಷೆಯಲ್ಲಿ ಅದು ನಡೆಯೋದಿಲ್ಲ. ನಾನು ಫಿಸಿಕ್ಸ್ ಓದುವಾಗ ಜರ್ಮನ್ ಅನ್ನೂ ಹಾಗೇ ಓದಿದೆ. ತಿಂಗಳಿಗೊಮ್ಮೆ ರಾತ್ರಿಯೆಲ್ಲ ಕೂತು ಆರ್ಟಿಕಲ್‌ಗಳ (ನಾಮಪದದ ಮೊದಲು ಬಂದು ಅದರ ಲಿಂಗ ಹೇಳುವ ಡೇರ್, ಡೀ, ಡಸ್) ಪಟ್ಟಿ ಉರು ಹೊಡೆದೆ. ಟೆಸ್ಟ್‌ನಲ್ಲಿ ಒಳ್ಳೆಯ ಮಾರ್ಕ್ಸ್ ಬಂತು. ಆರು ವಾರ ಆದಮೇಲೆ ಒಬ್ಬರು ನಿಮ್ಮ ಹೆಸರೇನು ಅಂತ ಜರ್ಮನ್‌ನಲ್ಲಿ ಕೇಳಿದರು, ಉತ್ತರ ಬಾಯಿಗೆ ಬರಲೇ ಇಲ್ಲ.

ಹಾಗಾಗಿ ಮೊದಲು ನಿರ್ಧಾರ ಆಗಬೇಕಾದ್ದು ಒಳ್ಳೆಯ ವಾರದಲ್ಲಿ ಎಷ್ಟು ಓದ್ತೀರಿ ಅನ್ನೋದಲ್ಲ. ಅತಿ ಕೆಟ್ಟ ವಾರದಲ್ಲಿ, ಅಂದರೆ ಎರಡು ಪ್ರಾಕ್ಟಿಕಲ್, ಒಂದು ಸೆಮಿನಾರ್, ರೆಕಾರ್ಡ್ ಬರೆಯೋದು ಬಾಕಿ ಇರುವ ವಾರದಲ್ಲಿ, ಎಷ್ಟು ಓದ್ತೀರಿ ಅನ್ನೋದು. ಅದಕ್ಕೆ ನನ್ನ ಉತ್ತರ ಹತ್ತು ನಿಮಿಷ. ಹಳೆಯ ಪದಗಳ ರಿವಿಷನ್ ಏಳೆಂಟು ನಿಮಿಷ, ಹಿಂದೆ ಕೇಳಿದ್ದ ಒಂದು ಆಡಿಯೋ ಎರಡು ನಿಮಿಷ. ಹೊಸ ಪದ ಇಲ್ಲ, ಹೊಸ ವ್ಯಾಕರಣ ಇಲ್ಲ. ಸಾಮಾನ್ಯ ವಾರದಲ್ಲಿ ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ. ಅಸೈನ್‌ಮೆಂಟ್ ಜಾಸ್ತಿ ಇರುವ ವಾರದಲ್ಲಿ ಇಪ್ಪತ್ತು ನಿಮಿಷ. ಪರೀಕ್ಷೆ ವಾರದಲ್ಲಿ ಆ ಹತ್ತು. ಹತ್ತು ನಿಮಿಷದಲ್ಲಿ ನೀವು ಮುಂದೆ ಹೋಗೋದಿಲ್ಲ. ಹಿಂದೆ ಜಾರೋದನ್ನ ತಡೀತೀರಿ, ಅಷ್ಟೇ.

ಇಲ್ಲಿ ಒಂದು ಸಣ್ಣ ಉಪಾಯ ಇದೆ. ಫ್ಲ್ಯಾಶ್‌ಕಾರ್ಡ್ ಆ್ಯಪ್ ಬಳಸುವವರು (ಆಂಕಿ ಅಂದುಕೊಳ್ಳಿ) ಬಿಟ್ಟುಬಿಡೋಕೆ ಮುಖ್ಯ ಕಾರಣ ಸೋಮಾರಿತನ ಅಲ್ಲ, ಸಾಲ. ದಿನಕ್ಕೆ 20 ಹೊಸ ಪದ ಹಾಕ್ತಾ ಹೋದರೆ ಕೆಲವೇ ವಾರಗಳಲ್ಲಿ ದಿನದ ರಿವಿಷನ್ ನೂರು ದಾಟುತ್ತದೆ. ಪರೀಕ್ಷೆ ಅಂತ ಮೂರು ವಾರ ಮುಟ್ಟದೆ ವಾಪಸ್ ಬಂದರೆ ನೂರಾರು ಕಾರ್ಡ್ ಬಾಕಿ ಅಂತ ತೋರಿಸುತ್ತದೆ. ಅದನ್ನ ನೋಡಿದವರು ಆ್ಯಪ್ ಮುಚ್ಚುತ್ತಾರೆ, ಮತ್ತೆ ತೆರೆಯೋದಿಲ್ಲ. ಅದಕ್ಕೆ ಪರೀಕ್ಷೆಗೆ ಎರಡು ವಾರ ಮುಂಚೆಯೇ ಹೊಸ ಪದ ಹಾಕೋದನ್ನ ನಿಲ್ಲಿಸಿ. ರಿವಿಷನ್ ಸಂಖ್ಯೆ ತಾನಾಗಿ ಇಳಿಯುತ್ತಾ ಬರುತ್ತದೆ, ಪರೀಕ್ಷೆ ವಾರ ಬರುವಷ್ಟರಲ್ಲಿ ಹತ್ತು ನಿಮಿಷದೊಳಗೆ ಮುಗಿಯುವ ಹಾಗಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಜರ್ಮನ್ ಕಲಿಸಿ ಪರೀಕ್ಷೆಯನ್ನೂ ನಡೆಸುವ ಗೋಥೆ ಇನ್‌ಸ್ಟಿಟ್ಯೂಟ್ ತನ್ನ ಮಟ್ಟಗಳಿಗೆ ಅಂದಾಜು ಪಾಠದ ಅವಧಿ ಕೊಡುತ್ತದೆ, ಒಂದು ಅವಧಿ ಅಂದರೆ 45 ನಿಮಿಷ. ಬಿ1ಕ್ಕೆ 350ರಿಂದ 650 ಅವಧಿ. ಬಿ2ಗೆ 600ರಿಂದ 800. ಇದು ಸೊನ್ನೆಯಿಂದ ಲೆಕ್ಕ, ಮತ್ತು ಇದು ತರಗತಿ ಸಮಯ ಮಾತ್ರ, ಮನೆಯಲ್ಲಿ ಕೂತು ಓದೋದು ಬೇರೆ. ನೀವು ವಾರಕ್ಕೆ ಐದು ಗಂಟೆ, ವರ್ಷಕ್ಕೆ 40 ವಾರ ಕೊಟ್ಟರೆ ಎರಡು ವರ್ಷಕ್ಕೆ 400 ಗಂಟೆ. ಕೆಟ್ಟ ವಾರಗಳನ್ನ ಕಳೆದರೆ 350 ಅಂತ ಇಟ್ಟುಕೊಳ್ಳಿ. ಅದು ಸುಮಾರು 465 ಅವಧಿ ಆಯ್ತು. ಅಂದರೆ ಬಿ1 ಗಟ್ಟಿಯಾಗಿ ಸಿಗಬಹುದು. ಬಿ2 ಸಿಗೋದಿಲ್ಲ.

ಬಿ2 ಬೇಕೇ ಬೇಕು ಅಂದರೆ ರಜೆ ಕೊಡಬೇಕಾಗುತ್ತದೆ. ಆರು ವಾರದ ರಜೆಯಲ್ಲಿ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ ಅಂದರೆ 120 ಗಂಟೆ. ಎರಡು ರಜೆಗೆ 240. ಆಗ ಒಟ್ಟು 590 ಗಂಟೆ, ಬಿ2 ಕೈಗೆಟುಕುವ ದೂರಕ್ಕೆ ಬರುತ್ತದೆ. ಆದರೆ ಇಂಟರ್ನ್‌ಶಿಪ್, ರಿಸರ್ಚ್ ಪ್ರಾಜೆಕ್ಟ್ ಎಲ್ಲ ಇರೋದೂ ಅದೇ ರಜೆಯಲ್ಲಿ, ಅಲ್ವಾ? ಎರಡರಲ್ಲಿ ಒಂದನ್ನ ಆರಿಸುವ ದಿನ ಬಂದರೆ, ಕೆಮಿಸ್ಟ್ರಿಯನ್ನೇ ಬದುಕಾಗಿ ಮಾಡಿಕೊಳ್ಳುವವರು ಲ್ಯಾಬ್‌ಗೆ ಹೋಗಿ ಅಂತಲೇ ನಾನು ಹೇಳೋದು. ಬಿ1ರಿಂದ ಬಿ2ಗೆ ಡಿಗ್ರಿ ಮುಗಿದ ಮೇಲೂ ಹೋಗಬಹುದು. ಮೂರನೇ ವರ್ಷದ ರಿಸರ್ಚ್ ಅನುಭವ ಆಮೇಲೆ ಸಿಗೋದಿಲ್ಲ.

ಬಿ1 ಅಂದ್ರೆ ಕಡಿಮೆ ಅಂತ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಗೋಥೆ ಬಿ1 ಪರೀಕ್ಷೆಯ ಪದಪಟ್ಟಿಯಲ್ಲಿ ಇರೋದು ಸುಮಾರು 2400 ಪದ. ಎರಡು ವರ್ಷದ ಓದುವ ದಿನಗಳಿಗೆ ಹಂಚಿದರೆ ದಿನಕ್ಕೆ ಆರು. ಆ್ಯಪ್‌ನಲ್ಲಿ ದಿನಕ್ಕೆ 20 ಹಾಕಿಕೊಂಡು ಒದ್ದಾಡುವ ಅಗತ್ಯವೇ ಇರಲಿಲ್ಲ ನೋಡಿ. ಇನ್ನೊಂದು ಅನುಕೂಲ, ಆ ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ ಇವೆ, ಒಂದೊಂದನ್ನೂ ಬೇರೆ ಬೇರೆಯಾಗಿ ಬರೆಯಬಹುದು, ಪ್ರತಿಯೊಂದಕ್ಕೂ ನೂರಕ್ಕೆ 60 ಬಂದರೆ ಪಾಸ್. ಒಂದು ಸೆಮಿಸ್ಟರ್‌ನ ಕೊನೆಗೆ ಎರಡು, ಮುಂದಿನದರಲ್ಲಿ ಎರಡು ಅಂತ ಮಾಡಿಕೊಳ್ಳಬಹುದು. ಮೇಜರ್ ಇರುವವರಿಗೆ ಇದು ದೊಡ್ಡ ಉಪಕಾರ.

"ಕೆಮಿಸ್ಟ್ರಿಯವರಿಗೆ ಜರ್ಮನ್ ಒಳ್ಳೆಯದು" ಅನ್ನೋ ಮಾತು ಒಂದು ಕಾಲಕ್ಕೆ ಅಕ್ಷರಶಃ ನಿಜ. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೆಯದರ ಮೊದಲ ಭಾಗದಲ್ಲಿ ಕೆಮಿಸ್ಟ್ರಿಯ ದೊಡ್ಡ ಸಂಶೋಧನೆಗಳು ಬರ್ತಿದ್ದದ್ದೇ ಜರ್ಮನ್‌ನಲ್ಲಿ. ಅಮೆರಿಕದ ಎಷ್ಟೋ ಯೂನಿವರ್ಸಿಟಿಗಳಲ್ಲಿ ಕೆಮಿಸ್ಟ್ರಿ ಪಿಎಚ್.ಡಿ. ಮಾಡುವವರು ಜರ್ಮನ್ ಓದುವ ಪರೀಕ್ಷೆ ಪಾಸಾಗಬೇಕಿತ್ತು. ಈಗ ಹಾಗಿಲ್ಲ, ಬಹುಪಾಲು ಪೇಪರ್‌ಗಳು ಇಂಗ್ಲಿಷ್‌ನಲ್ಲೇ ಬರುತ್ತವೆ. ಹಾಗಾಗಿ ಆ ಮಾತನ್ನ ನಂಬಿಕೊಂಡು ಮಾತ್ರ ಕಲೀತಿದ್ದರೆ ಸ್ವಲ್ಪ ಯೋಚಿಸಿ. ಮುಂದೆ ಅಲ್ಲಿ ಹೋಗಿ ಜರ್ಮನ್ ಮಾಧ್ಯಮದಲ್ಲೇ ಓದಬೇಕು ಅಂದರೆ ಬಿ1 ಸಾಲದು, ಸಾಮಾನ್ಯವಾಗಿ ಸಿ1ರ ಹತ್ತಿರ ಕೇಳುತ್ತಾರೆ. ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್ ಕೋರ್ಸ್‌ಗಳೂ ಬಹಳ ಇವೆ. ಅಲ್ಲಿಗೆ ಹೋದಾಗ ಬದುಕೋಕೆ ಜರ್ಮನ್ ಬೇಕಾಗುತ್ತೆ, ಅದಕ್ಕೆ ಬಿ1 ಚೆನ್ನಾಗಿ ಒದಗುತ್ತದೆ.

ಆದರೂ ಕೆಮಿಸ್ಟ್ರಿಗೂ ಜರ್ಮನ್‌ಗೂ ಇರುವ ಹಳೆಯ ನಂಟು ನಿಮಗೆ ಇನ್ನೊಂದು ಥರದಲ್ಲಿ ಕೆಲಸಕ್ಕೆ ಬರುತ್ತದೆ. ಡಬಲ್ ಬಾಂಡ್ ಇರುವ ಸಂಯುಕ್ತಗಳಿಗೆ ಇ, ಜೆಡ್ ಅಂತ ಗುರುತು ಹಾಕ್ತೀರಲ್ಲ, ಅದು ಎಂಟ್‌ಗೇಗನ್ ಮತ್ತು ತ್ಸುಜಾಮನ್. ಅಂದರೆ ಎದುರುಬದುರು ಮತ್ತು ಒಟ್ಟಿಗೆ. ಒಮ್ಮೆ ತಿಳಿದರೆ ಯಾವುದು ಯಾವುದು ಅಂತ ಪರೀಕ್ಷೆಯಲ್ಲಿ ಗೊಂದಲವೇ ಇಲ್ಲ. ಸೋಡಿಯಂಗೆ ಎನ್‌ಎ, ಪೊಟ್ಯಾಸಿಯಂಗೆ ಕೆ ಯಾಕೆ ಅಂತ ಜರ್ಮನ್ ಮಕ್ಕಳು ತಲೆ ಕೆಡಿಸಿಕೊಳ್ಳೋದಿಲ್ಲ, ಅವರ ಭಾಷೆಯಲ್ಲಿ ಅವು ನಾಟ್ರಿಯುಂ, ಕಾಲಿಯುಂ. ಇನ್ನೂ ಚೆಂದ ಇರೋದು ಮುಂದೆ. ಹೈಡ್ರೋಜನ್‌ಗೆ ವಾಸರ್‌ಶ್ಟೋಫ್, ವಾಸರ್ ಅಂದರೆ ನೀರು. ಆಕ್ಸಿಜನ್‌ಗೆ ಸೌವರ್‌ಶ್ಟೋಫ್, ಸೌವರ್ ಅಂದರೆ ಹುಳಿ. ಕನ್ನಡದಲ್ಲಿ ನಾವು ಓದಿದ್ದು ಜಲಜನಕ, ಆಮ್ಲಜನಕ! ಎರಡೂ ಕಡೆಯವರು ಗ್ರೀಕ್ ಹೆಸರನ್ನ ಒಡೆದು ತಮ್ಮ ಮಾತಿನಲ್ಲಿ ಮತ್ತೆ ಕಟ್ಟಿದ್ದಾರೆ. ಇಂಗ್ಲಿಷ್ ಮೂಲಕ ಉರು ಹೊಡೆಯುವ ಬದಲು ಕನ್ನಡದ ಪಕ್ಕ ಇಟ್ಟು ನೋಡಿ, ಪದ ತಾನಾಗಿ ಕೂರುತ್ತದೆ.

ಇದು ಪದಗಳ ಮಾತಾಯಿತು. ವ್ಯಾಕರಣದಲ್ಲಂತೂ ಕನ್ನಡದವರ ಕೈಯಲ್ಲಿ ಇನ್ನೂ ದೊಡ್ಡ ಅಸ್ತ್ರ ಇದೆ, ಅದನ್ನ ಬಳಸದೆ ಸುಮ್ನೆ ಇಂಗ್ಲಿಷ್ ಪುಸ್ತಕ ಹಿಡಿದು ಅಳುತ್ತೇವೆ. ಅಕ್ಯುಸೆಟಿವ್, ಡೇಟಿವ್ ಅನ್ನೋ ವಿಭಕ್ತಿಗಳು ಅಂದಾಗ ಇಂಗ್ಲಿಷ್ ಮಾತ್ರ ಬಲ್ಲವನಿಗೆ ತಲೆ ತಿರುಗುತ್ತದೆ, ಅವನಿಗೆ ಎರಡೂ ಕಡೆ ಒಂದೇ 'ಹಿಮ್'. ನಿಮಗೆ? ಅವನನ್ನು, ಅವನಿಗೆ. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ, ತೃತೀಯಾ ಅಂತ ಕಂಠಪಾಠ ಮಾಡಿದ್ದು ಇವತ್ತು ಉಪಯೋಗಕ್ಕೆ ಬಂತು. 'ಈನ್' ಅಂದರೆ ಅವನನ್ನು, 'ಈಮ್' ಅಂದರೆ ಅವನಿಗೆ. ಸಹಾಯ ಮಾಡು ಅನ್ನೋ ಕ್ರಿಯಾಪದ ಡೇಟಿವ್ ಕೇಳುತ್ತದೆ ಅಂತ ಪುಸ್ತಕದಲ್ಲಿ ವಿಶೇಷ ನಿಯಮದ ಹಾಗೆ ಬರೆದಿರುತ್ತಾರೆ. ನಮಗೆ ಅದರಲ್ಲಿ ವಿಶೇಷ ಏನಿದೆ, ನಾವೂ ಅವನಿಗೇ ಸಹಾಯ ಮಾಡೋದು. ಚಳಿಯಾದರೆ ಜರ್ಮನರು 'ಮಿಯರ್ ಇಸ್ಟ್ ಕಲ್ಟ್' ಅನ್ನುತ್ತಾರೆ, ಪದಕ್ಕೆ ಪದ ಇಟ್ಟರೆ 'ನನಗೆ ಚಳಿ'. ಇಂಗ್ಲಿಷ್ ದಾರಿಯಲ್ಲಿ ಹೋಗಿ 'ಇಶ್ ಬಿನ್ ಕಲ್ಟ್' ಅಂದರೆ ನಾನು ಭಾವನೆಯೇ ಇಲ್ಲದ ಮನುಷ್ಯ ಅಂದ ಹಾಗಾಗುತ್ತದೆ. ಇಷ್ಟ ಆಗೋದೂ ಹಾಗೇ, 'ನನಗೆ' ಇಷ್ಟ. ನೀನು, ನೀವು ಅನ್ನೋ ವ್ಯತ್ಯಾಸ ಅಲ್ಲೂ ಇದೆ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಅಂತ ಬೇರೆಯವರು ಗೋಳಾಡುತ್ತಾರೆ, ನಮ್ಮ ಕ್ರಿಯಾಪದ ಹುಟ್ಟಿದಾಗಿನಿಂದ ಕೊನೆಯಲ್ಲೇ ಇದೆ.

ಎಲ್ಲ ಕಡೆ ಹೀಗೇ ಹೊಂದುತ್ತೆ ಅಂತ ನಂಬಿ ಕೂರಬೇಡಿ. ಫೋನ್ ಮಾಡೋದು ನಮಗೆ 'ಅವನಿಗೆ', ಅವರಿಗೆ 'ಅವನನ್ನು'. ಇನ್ನು ಲಿಂಗ. ಅಲ್ಲಿ ನಮ್ಮ ಅಸ್ತ್ರ ಪೂರ್ತಿ ಕೈಕೊಡುತ್ತದೆ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳ್ತೀವಿ, ಹುಡುಗಿ ಬಂದಳು, ಮೇಜು ಬಿತ್ತು. ಜರ್ಮನ್‌ನಲ್ಲಿ ಹುಡುಗಿ ಅನ್ನೋ ಪದ ನಪುಂಸಕಲಿಂಗ, ಕೊನೆಯಲ್ಲಿ 'ಶನ್' ಅನ್ನೋ ಪ್ರತ್ಯಯ ಇದೆ ಅನ್ನೋ ಒಂದೇ ಕಾರಣಕ್ಕೆ. ಅದಕ್ಕೆ ಡೇರ್, ಡೀ, ಡಸ್ ಸಮೇತವೇ ಪದ ಕಲಿಯಬೇಕು, ಬರೀ ಪದ ಕಲಿತರೆ ಆಮೇಲೆ ಎರಡು ಪಟ್ಟು ಕೆಲಸ. ಕೆಮಿಸ್ಟ್ರಿ ಪದಗಳಲ್ಲಿ ಒಂದಿಷ್ಟು ಗುಂಪುಗಳಿವೆ, ಅವು ನಿಮಗೆ ಬೇಗ ಹಿಡಿತಕ್ಕೆ ಸಿಗುತ್ತವೆ. 'ಶ್ಟೋಫ್' ಅಂತ ಮುಗಿಯೋದೆಲ್ಲ ಡೇರ್. ಆಮ್ಲದ ಹೆಸರುಗಳು, 'ಜೊಯ್ರ' ಅಂತ ಮುಗಿಯುವವು, ಡೀ. ದ್ರಾವಣ, ಬಂಧ, ಸಂಯುಕ್ತ ಇವುಗಳಿಗೆ ಬರುವ 'ಉಂಗ್' ಕೊನೆಯ ಪದಗಳೂ ಡೀ. ಕಬ್ಬಿಣ, ತಾಮ್ರದಂಥ ಲೋಹಗಳು ಹೆಚ್ಚಾಗಿ ಡಸ್. (ನಾನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೀನಿ ಅಂತ ನೀವು ನೋಟ್‌ಬುಕ್‌ನಲ್ಲಿ ಹೀಗೆ ಬರೆದುಕೊಳ್ಳಬೇಡಿ. ಆ ಭಾಷೆಯ ಕೆಲವು ಸ್ವರಗಳು ನಮ್ಮ ಅಕ್ಷರಮಾಲೆಯಲ್ಲೇ ಇಲ್ಲ. ಕೇಳಿ ಕಲಿಯಿರಿ.)

ತರಗತಿಯಾ, ಒಬ್ಬನೇನಾ? ಮೊದಲ ಎರಡು ಮಟ್ಟ ತರಗತಿ, ಆಮೇಲೆ ನಿಮ್ಮಿಷ್ಟ. ಶುರುವಿನಲ್ಲಿ ತಪ್ಪು ಉಚ್ಚಾರಣೆ ಗಟ್ಟಿಯಾದರೆ ತಿದ್ದೋಕೆ ಬಹಳ ಕಷ್ಟ, ಒಬ್ಬರು ಎದುರು ಕೂತು "ಇನ್ನೊಂದ್ಸಲ ಹೇಳಿ" ಅನ್ನಬೇಕು. ಅದಕ್ಕಿಂತ ದೊಡ್ಡ ಲಾಭ ಅಂದರೆ ಟೈಮ್‌ಟೇಬಲ್‌ನಲ್ಲಿ ಬರೆದಿರುವ ವಿಷಯಕ್ಕೆ ಮನಸ್ಸು ಜಾಗ ಕೊಡುತ್ತದೆ. ಬರೀ ಆಸೆಯಾಗಿ ಇರುವ ಭಾಷೆ ಪ್ರತಿ ಅಸೈನ್‌ಮೆಂಟ್ ಎದುರೂ ಸೋಲುತ್ತದೆ. ಕ್ರೆಡಿಟ್ ಕೋರ್ಸ್ ಆದರೆ ಮೊದಲು ಒಂದು ವಿಷಯ ವಿಚಾರಿಸಿ, ಅದರ ಗ್ರೇಡ್ ನಿಮ್ಮ ಒಟ್ಟು ಸರಾಸರಿಗೆ ಸೇರುತ್ತದಾ ಅಂತ. ಬರೀ ಪಾಸ್ ಅಥವಾ ಫೇಲ್ ಅಂತ ತೆಗೆದುಕೊಳ್ಳುವ ಅವಕಾಶ ಇದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಕ್ರೆಡಿಟ್ ಅಂದರೆ ಎಷ್ಟು ಕೆಲಸ ಅನ್ನೋದನ್ನೂ ನೋಡಿ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ, ಐದು ಕ್ರೆಡಿಟ್ ಅಂದರೆ 125 ಗಂಟೆಗೆ ಕಡಿಮೆ ಇಲ್ಲ. ವಾರಕ್ಕೆ ಎರಡೇ ಕ್ಲಾಸ್ ಅಂತ ಹಗುರವಾಗಿ ಸೇರಿದವರು ಮಧ್ಯದಲ್ಲಿ ಬಿಡೋದು ಇದಕ್ಕೇ.

ಜಪಾನೀಸ್ ವಿಷಯ ಚಿಕ್ಕದಾಗಿ ಮುಗಿಸ್ತೀನಿ: ಒಟ್ಟಿಗೆ ಬೇಡ. ಅಮೆರಿಕದ ರಾಜತಾಂತ್ರಿಕ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯ ಲೆಕ್ಕದಲ್ಲಿ ಜರ್ಮನ್‌ಗೆ ಸುಮಾರು 36 ವಾರ, ಜಪಾನೀಸ್‌ಗೆ 88 ವಾರ, ಅದೂ ದಿನವಿಡೀ ಅದನ್ನೇ ಓದುವವರಿಗೆ. ಆ ಲೆಕ್ಕ ಇಂಗ್ಲಿಷ್ ಮಾತೃಭಾಷೆಯವರದ್ದು. ಕನ್ನಡದವರಿಗೆ ಜಪಾನೀಸ್ ವಾಕ್ಯರಚನೆ ತವರುಮನೆ ಇದ್ದ ಹಾಗೆ, ಕ್ರಿಯಾಪದ ಕೊನೆಗೆ, ಪ್ರತ್ಯಯ ಪದ ಆದಮೇಲೆ. ಕತೆ, ಕತ್ತೆ ಬೇರೆ ಬೇರೆ ಅಂತ ನಮ್ಮ ಕಿವಿಗೆ ಗೊತ್ತು, ಒತ್ತಕ್ಷರದ ಅಂಥ ವ್ಯತ್ಯಾಸ ಅಲ್ಲೂ ಬರುತ್ತದೆ. ಆದರೆ ದಿನಬಳಕೆಯ ಕಾಂಜಿ ಅಕ್ಷರಗಳ ಅಧಿಕೃತ ಪಟ್ಟಿಯಲ್ಲೇ 2136 ಇವೆ, ಆ ಕೆಲಸವನ್ನ ಯಾವ ಮಾತೃಭಾಷೆಯೂ ಕಡಿಮೆ ಮಾಡಲ್ಲ. ನಿಜವಾಗಿ ಮನಸ್ಸು ಜಪಾನೀಸ್ ಕಡೆಗೇ ಇದೆಯಾ, ಜರ್ಮನ್ ಬರೀ ಯಾರೋ ಹೇಳಿದ್ದಾ? ಹಾಗಿದ್ದರೆ ಜರ್ಮನ್ ಬಿಟ್ಟು ಅದನ್ನೇ ಹಿಡಿಯಿರಿ, ನನಗೇನೂ ಬೇಜಾರಿಲ್ಲ. ಎರಡು ವರ್ಷ ದಿನಾ ಹತ್ತು ನಿಮಿಷಕ್ಕಾದರೂ ವಾಪಸ್ ಬರಬೇಕು ಅಂದರೆ ಇಷ್ಟ ಇರುವ ಭಾಷೆಯೇ ಆಗಬೇಕು.

ಮಾರ್ಕ್ಸ್ ಭಯಕ್ಕೆ ಬರ್ತೀನಿ. ದಿನಕ್ಕೆ ಒಂದು ಗಂಟೆ ಯಾರ ಮಾರ್ಕ್ಸನ್ನೂ ತಿಂದುಹಾಕೋದಿಲ್ಲ. ತಿನ್ನೋದು ಬೇರೆ ಒಂದಿದೆ, ಅದನ್ನ ಯಾರೂ ಹೇಳೋದಿಲ್ಲ. ಭಾಷೆ ಕಲಿಯೋದು ಗೌರವಾನ್ವಿತ ಕಳ್ಳಾಟ. ಕ್ವಾಂಟಂ ಕೆಮಿಸ್ಟ್ರಿ ಲೆಕ್ಕ ಬಿಡಿಸಲಾಗದೆ ತಲೆ ಕೆಟ್ಟಾಗ ರೀಲ್ಸ್ ನೋಡಿದರೆ ತಪ್ಪಿತಸ್ಥ ಭಾವನೆ ಬರುತ್ತದೆ, ಜರ್ಮನ್ ಆ್ಯಪ್ ತೆರೆದರೆ ಬರೋದಿಲ್ಲ, ಉಲ್ಟಾ ಏನೋ ಸಾಧಿಸಿದ ಹಾಗೆ ಇರುತ್ತದೆ, ಮೇಲೆ ಆ್ಯಪ್ ಬೇರೆ ಚಪ್ಪಾಳೆ ತಟ್ಟುತ್ತದೆ. ರೆಕಾರ್ಡ್ ಬರೆಯೋದು ಬಾಕಿ ಇಟ್ಟುಕೊಂಡು ಆರ್ಟಿಕಲ್ ಪಟ್ಟಿಗೆ ಮೂರು ಬಣ್ಣ ಹಚ್ಚುತ್ತಾ ಕೂತಿದ್ದೀರಿ ಅಂದರೆ ನೀವು ಜರ್ಮನ್ ಕಲೀತಿಲ್ಲ, ಕೆಮಿಸ್ಟ್ರಿಯಿಂದ ಓಡಿಹೋಗ್ತಿದ್ದೀರಿ. ಇದಕ್ಕೆ ಮದ್ದು ಸಮಯ ಗೊತ್ತುಮಾಡೋದು. ಬೆಳಿಗ್ಗೆ ಲ್ಯಾಬ್‌ಗೆ ಹೋಗುವ ಮುಂಚೆ ಆ ಒಂದು ಗಂಟೆ. ಅದು ಮುಗಿದ ಮೇಲೆ ಅವತ್ತಿಗೆ ಭಾಷೆ ಮುಗಿಯಿತು, ರಾತ್ರಿ ಎಷ್ಟೇ ಆಸೆಯಾದರೂ ತೆರೆಯಬೇಡಿ. ಸಪ್ಲಿಮೆಂಟರಿ ಬಾಕಿ ಇರುವ ಸೆಮಿಸ್ಟರ್‌ನಲ್ಲಿ ಇಡೀ ಸೆಮಿಸ್ಟರನ್ನೇ ಇಪ್ಪತ್ತು ನಿಮಿಷಕ್ಕೆ ಇಳಿಸಿ.

ಮೇಜರ್ ಮತ್ತು ಭಾಷೆಯನ್ನ ಬೆಸೆಯಬಹುದು, ಆದರೆ ಎ2 ಮುಗಿದ ಮೇಲೆ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ, ಉದಾಹರಣೆಗೆ ಪೀರಿಯಾಡಿಕ್ ಟೇಬಲ್ ಬಗ್ಗೆ, ಜರ್ಮನ್ ವಿಕಿಪೀಡಿಯಾದಲ್ಲಿ ಓದಿ. ವಿಷಯ ಮೊದಲೇ ಗೊತ್ತಿರೋದರಿಂದ ಅರ್ಧ ಪದಗಳ ಅರ್ಥ ಊಹೆಗೇ ಸಿಗುತ್ತದೆ. ಆದರೆ ಇದರಲ್ಲೇ ಮುಳುಗಬೇಡಿ. ಬಿ1 ಪರೀಕ್ಷೆ ನಿಮ್ಮನ್ನ ಆಮ್ಲದ ಬಗ್ಗೆ ಕೇಳಲ್ಲ. ಸ್ನೇಹಿತರಿಗೆ ಇಮೇಲ್ ಬರಿ, ಬೇರೆಯವರ ಜೊತೆ ಒಂದು ಕಾರ್ಯಕ್ರಮದ ಪ್ಲ್ಯಾನ್ ಮಾಡು, ಇಂಥದ್ದೇ ಕೇಳುತ್ತದೆ.

ಕೊನೆಗೆ, ಮೊದಲಿಂದ ಶುರು ಮಾಡಬೇಕಾ ಅನ್ನೋದು. ನೀವು ಕೇಳಿಲ್ಲ, ಆದರೆ ಮುಂದಿನ ವಾರ ಆ್ಯಪ್ ತೆರೆದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಹೆರ್ಮಾನ್ ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನ ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, 1885ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. ಅವರ ಮರೆವಿನ ಗ್ರಾಫ್ ಎಲ್ಲರೂ ತೋರಿಸುತ್ತಾರೆ. ಅವರು ಅಳೆದದ್ದು ಮಾತ್ರ ಬೇರೆ: ಮರೆತದ್ದನ್ನ ಎರಡನೇ ಸಲ ಕಲಿಯುವಾಗ ಎಷ್ಟು ಸಮಯ ಉಳಿಯುತ್ತದೆ ಅನ್ನೋದು. ಉಳಿಯುತ್ತದೆ. ನಿಮ್ಮ ಆ ಮೂರು ತಿಂಗಳು ಪೂರ್ತಿ ಹೋಗಿಲ್ಲ. ಹಳೆಯ ಕಾರ್ಡ್‌ಗಳನ್ನ ಅಳಿಸಬೇಡಿ. ಬಾಕಿ ಸಂಖ್ಯೆ ನೋಡಬೇಡಿ. ದಿನಕ್ಕೆ 40 ಮಾತ್ರ ಅಂತ ಮಿತಿ ಹಾಕಿ, ಎರಡು ವಾರ ಹೊಸದೇನೂ ಸೇರಿಸದೆ ಹಳೆಯದನ್ನೇ ತಿರುವಿ. ಆಮೇಲೆ ಎ1 ಪುಸ್ತಕದ ಮಧ್ಯದ ಯಾವುದಾದರೂ ಪಾಠ ತೆರೆದು ಓದಿ. ಅರ್ಥ ಆದರೆ ಅಲ್ಲಿಂದ ಮುಂದಕ್ಕೆ, ಆಗದಿದ್ದರೆ ಎರಡು ಪಾಠ ಹಿಂದಕ್ಕೆ. ಮುಂದಿನ ಪರೀಕ್ಷೆಯ ದಿನಾಂಕ ಗೊತ್ತಾದ ತಕ್ಷಣ, ಅದಕ್ಕೆ ಎರಡು ವಾರ ಹಿಂದಿನ ದಿನಕ್ಕೆ ಕ್ಯಾಲೆಂಡರ್‌ನಲ್ಲಿ "ಹೊಸ ಪದ ಬಂದ್" ಅಂತ ಬರೆದಿಡಿ.